ಏಳು ತೋಳಿನ ಕಡತ

ಒಂದು ಊರಂತೆ. ಊರಿಗೊಂದು ಕೋಟೆಯಂತೆ. ಕೋಟೆಗೆ ನಾಲ್ಕು ಕೊತ್ತಲವಂತೆ, ದಿಕ್ಕಿಗೊಂದು. ಕೊತ್ತಲ ಅಂದರೆ ಕೋಟೆ ಗೋಡೆಯಿಂದ ಉಬ್ಬಿಕೊಂಡು ಹೊರಗೆ ಬಂದಿರುವ ದುಂಡನೆಯ ಬುರುಜು. ಅದರ ಮೇಲೆ ನಿಂತ ಕಾವಲಿನವನಿಗೆ ದೂರದಿಂದ ಬರುವವರು ಕಾಣುತ್ತಾರೆ. ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಈ ಕತೆಯ ಕೆಡುಕೆಲ್ಲ ಮೂಡಲ ದಿಕ್ಕಿನ ಕೊತ್ತಲದಿಂದಲೇ ಶುರುವಾಗುತ್ತದೆ.

ಆ ಊರಿನ ಕೆಳಗೇರಿಯಲ್ಲಿ ಸಂಕವ್ವ ಅಂತ ಒಬ್ಬಳಿದ್ದಳಂತೆ. ಅವಳ ಕೆಲಸ ಕಡತ ಮಾಡುವುದು. ಈಗ ನಾವು ಕಡತ ಅಂದರೆ ಕಚೇರಿಯ ಕಾಗದದ ಕಟ್ಟು ಅಂದುಕೊಳ್ಳುತ್ತೇವೆ. ಆಗ ಕಾಗದ ಎಲ್ಲಿತ್ತು? ಬಟ್ಟೆಯ ಉದ್ದನೆಯ ಪಟ್ಟಿ ತೆಗೆದುಕೊಂಡು, ಹುಣಸೆಬೀಜ ಅರೆದು ಕಾಯಿಸಿದ ಅಂಟಿಗೆ ಇದ್ದಿಲ ಪುಡಿ ಕಲಸಿ, ಎರಡೂ ಮಗ್ಗುಲಿಗೆ ಬಳಿದು, ಬಿಸಿಲಿಗೆ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟರೆ ಅದೇ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಕರಿ ಬಟ್ಟೆ, ಬಿಳಿ ಅಕ್ಷರ. ಬರೆದದ್ದು ಬೇಡವಾದರೆ ಒರೆಸಿ ಸಂಕವ್ವನ ಮನೆಗೆ ಕಳಿಸುತ್ತಿದ್ದರು. ಅವಳು ಮತ್ತೆ ಮಸಿ ಬಳಿದು ಹೊಸದು ಮಾಡಿ ಕೊಡುತ್ತಿದ್ದಳು. ಅರಮನೆಯ ಗುಟ್ಟಿನ ಕಡತವನ್ನು ಹೊರಗಿನವಳ ಕೈಗೆ ಕೊಡುತ್ತಿದ್ದರೇ ಅಂತ ನೀವು ಕೇಳಬಹುದು. ಕೊಡುತ್ತಿದ್ದರು, ಯಾಕೆಂದರೆ ಸಂಕವ್ವನಿಗೆ ಓದು ಬರುತ್ತಿರಲಿಲ್ಲ. ಅವಳ ಅವ್ವನಿಗೂ ಬರುತ್ತಿರಲಿಲ್ಲ, ಅಜ್ಜಿಗೂ ಬರುತ್ತಿರಲಿಲ್ಲ. ಓದು ಬಾರದವರಿಗೇ ಆ ಕೆಲಸ ಕೊಡಬೇಕು ಅಂತ ಅರಮನೆಯ ಕಟ್ಟಳೆಯಂತೆ.

ಅವಳಿಗೆ ಗೊತ್ತಿದ್ದದ್ದು ಮೂರೇ ಮೂರು ಅಕ್ಷರ. ಅದನ್ನೂ ಅವಳು ಅಕ್ಷರ ಅಂದುಕೊಂಡಿರಲಿಲ್ಲ, ಗುರುತು ಅಂದುಕೊಂಡಿದ್ದಳು. ಆ ಊರಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ತೋಳಿನ ಮೇಲೆ ಹೊತ್ತುಕೊಳ್ಳುತ್ತಿದ್ದರು. ಮದುವೆಯಾದ ವರ್ಷ ಎಡಗೈ ಮೇಲೆ ಹಚ್ಚೆ ಹಾಕಿಸಿಕೊಳ್ಳಬೇಕು, ಅದು ಸಂಪ್ರದಾಯ. ಸಂಕವ್ವನ ಗಂಡನ ಹೆಸರು ದುರುಗ. ಮೊದಲ ಎರಡು ಗುರುತಿಗೆ ಬಾಲ, ಮೂರನೆಯದು ಬಿಚ್ಚಿದ ಕೊಡೆಯ ಹಾಗೆ. ಹಿಟ್ಟು ನಾದುವಾಗ, ನೀರು ಸೇದುವಾಗ ನೋಡಿ ನೋಡಿ ಅವಳಿಗೆ ಅದು ಕಣ್ಣಿಗೆ ಕಟ್ಟಿಹೋಗಿತ್ತು.

ದುರುಗನದು ಉಳಿ ಹದ ಮಾಡುವ ಕೆಲಸ. ಕಲ್ಲುಕುಟಿಗರ ಉಳಿ ಮೊಂಡಾದರೆ ಕೆಂಡದಲ್ಲಿ ಕಾಯಿಸಿ, ಬಡಿದು, ಮೊನೆ ಮಾಡಿಕೊಡುತ್ತಿದ್ದ. ಅವನಿಗೆ ಎಡಗಾಲು ಕುಂಟು. ಜಾಲಿಯ ಕೋಲು ಊರಿಕೊಂಡೇ ನಡೆಯಬೇಕು. ಆ ಕೋಲು ಸವೆಯಬಾರದು ಅಂತ ಅವನ ತಾಯಿ ಮಾಳವ್ವ ತನ್ನ ಹಳೆಯ ಕಂಚಿನ ಕಡಗ ಬಡಿಸಿ ಕೋಲಿನ ತುದಿಗೆ ತೊಡಿಸಿದ್ದಳಂತೆ. ಈ ಕೋಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹೀಗಿರುವಾಗ ಹಗೆಯ ರಾಜ ಸಂಧಿಯ ಮಾತಾಡಲು ಬರುತ್ತಾನೆ ಅಂತ ಸುದ್ದಿ ಬಂತಂತೆ. ಅವನು ಬರುವ ದಾರಿ ಮೂಡಲ ದಿಕ್ಕಿನದು. ಆ ದಿಕ್ಕಿನ ಕೊತ್ತಲ ಅರ್ಧ ಕುಸಿದಿತ್ತು. ಮಂತ್ರಿ ಹೇಳಿದನಂತೆ:

"ಹದಿನೈದು ದಿನದಲ್ಲಿ ಕೊತ್ತಲ ಏರಬೇಕು. ಹಗೆಯವನ ಕಣ್ಣಿಗೆ ನಮ್ಮ ಕೋಟೆ ಗಟ್ಟಿಯಾಗಿ ಕಾಣಬೇಕು."

ಗಟ್ಟಿಯಾಗಿರಬೇಕು ಅನ್ನಲಿಲ್ಲ. ಕಾಣಬೇಕು ಅಂದ. ಕೆಳಗೇರಿಯಿಂದ ಏಳು ಜನರನ್ನು ಕರೆಸಿಕೊಂಡರು. ಆರು ಜನ ಕಲ್ಲಿನ ಕೆಲಸದವರು, ಏಳನೆಯವನು ಉಳಿಯ ದುರುಗ. ಏಳು ಜನ ಹೋದರು. ಏಳು ಜನವೂ ಬರಲಿಲ್ಲ.

ಒಂದು ಮಧ್ಯಾಹ್ನ ದೊಡ್ಡ ಸದ್ದಾಯಿತಂತೆ. ಬಂಡೆ ಉರುಳಿಸಿದ್ದು ಅಂತ ಅರಮನೆಯವರು ಹೇಳಿದರು. ನಾಲ್ಕನೆಯ ದಿನಕ್ಕೆ ಮೂಡಲ ಕೊತ್ತಲಕ್ಕೆ ಮಣ್ಣು ಮೆತ್ತಿ ಸುಣ್ಣ ಬಳಿದದ್ದಾಗಿತ್ತು. ಬೆಳ್ಳಗೆ ಹೊಳೆಯುತ್ತಿತ್ತು. ಹಗೆಯ ರಾಜ ಬಂದ, ನೋಡಿದ, ಊಟ ಮಾಡಿದ, ಹೋದ. ಅವನು ಹೋದ ಮಾರನೆಯ ದಿನ ಊರಲ್ಲಿ ಡಂಗುರ ಹೊಡೆದರಂತೆ:

"ಕೇಳ್ರಪ್ಪೋ ಕೇಳಿ! ಕೆಳಗೇರಿಯ ಏಳು ಜನ ಕೋಟೆಯ ಗುಟ್ಟು ಕದ್ದು ಓಡಿಹೋಗಿ ಹಗೆಯವರನ್ನು ಸೇರಿದ್ದಾರೆ! ಅವರ ಬಾಗಿಲಿಗೆ ಮಸಿ ಬಳಿಯಬೇಕೆಂದು ಅಪ್ಪಣೆ! ಅವರ ಹೆಂಗಸರು ಎಲ್ಲರೂ ಸೇದಿ ಆದ ಮೇಲೆ ಬಾವಿಗೆ ಬರಬೇಕೆಂದು ಅಪ್ಪಣೆ! ಅವರ ಹೆಸರಿಗೆ ಯಾರೂ ಎಡೆ ಇಡಕೂಡದೆಂದು ಅಪ್ಪಣೆ, ಅವರು ಸತ್ತಿಲ್ಲ!"

ಮಾಳವ್ವ ಡಂಗುರದವನ ಮುಂದೆ ಹೋಗಿ ನಿಂತಳಂತೆ.

"ಏನಂದೆ? ನನ್ನ ಮಗ ಓಡಿಹೋದ್ನಾ? ಬಾವಿ ಗಂಟ ಹೋಗಿ ಬರೋಕೆ ಮೂರು ಕಡೆ ಕೂತ್ಕೊಳ್ತಿದ್ದ ಕಣೋ ಅವನು!"

"ಕುಂಟ್ಕೊಂಡು ಓಡಿರ್ತಾನೆ ಬಿಡಜ್ಜಿ," ಅಂದನಂತೆ ಪಕ್ಕದ ಸಿಪಾಯಿ. ನಾಲ್ಕು ಜನ ನಕ್ಕರಂತೆ. ನಕ್ಕವರು ಯಾರೋ ದೂರದವರಲ್ಲ, ಅದೇ ಊರಿನವರು, ಅವನ ಕೈಲಿ ಕುಡುಗೋಲು ಹರಿತ ಮಾಡಿಸಿಕೊಂಡವರು.

ಎಡೆ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ, ಆದರೂ ಹೇಳುತ್ತೇನೆ. ಹಿರಿಯರ ಹಬ್ಬದ ದಿನ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಯಲ್ಲಿ ಬಡಿಸಿಡುವುದು. ಎಡೆ ಇಟ್ಟರೆ ಸತ್ತವನಿಗೆ ಒಂದು ನೆಲೆ, ಇಟ್ಟವಳಿಗೆ ಒಂದು ನೆಲೆ. ಈ ಏಳು ಹೆಂಗಸರಿಗೆ ಎರಡೂ ಇಲ್ಲವಾಯಿತು. ಕೈಯಲ್ಲಿ ಬಳೆ ಇಟ್ಟುಕೊಂಡರೆ "ದ್ರೋಹಿ ಗಂಡನಿಗೆ ಬಳೆ ಬೇರೆ ಕೇಡು" ಅಂದರು. ಬಳೆ ತೆಗೆದರೆ "ಅವನು ಸತ್ತಿಲ್ಲ ಅಂತ ಡಂಗುರವಾಗಿದೆ, ರಾಜರ ಮಾತು ಸುಳ್ಳು ಅಂತೀಯೇನೇ?" ಅಂದರು. ನೀವೇ ಹೇಳಿ, ಆ ಕೈಯನ್ನು ಅವರು ಏನು ಮಾಡಬೇಕಿತ್ತು?

ಒಂದು ವರ್ಷ ಕಳೆಯಿತು. ಹಿರಿಯರ ಹಬ್ಬ ಬಂತು, ಹೋಯಿತು. ಏಳು ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಸೋಮವಾರ ಅರಮನೆಯಿಂದ ಹಳೆಯ ಕಡತದ ಕಟ್ಟು ಬಂತಂತೆ. ಎಂಟು ದಿನಕ್ಕೆ ಹೊಸದಾಗಿ ಬರಬೇಕು, ಒಂದು ಮಡಿಕೆಯೂ ಕಡಿಮೆಯಾಗಕೂಡದು ಅಂತ ಹೇಳಿ ಕೊಟ್ಟು ಹೋದರು. ಇಲ್ಲಿ ಅರಮನೆಯವರು ಮಾಡಿದ ಒಂದು ತಪ್ಪನ್ನು ವಿವರಿಸಲೇಬೇಕು. ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿದವರಿಗೆಲ್ಲ ಇದು ಗೊತ್ತು. ಒದ್ದೆಯಾಗಿರುವತನಕ ಸ್ಲೇಟು ಕರ್ರಗೆ, ಚೊಕ್ಕಟವಾಗಿ ಕಾಣುತ್ತದೆ. ಒಣಗಿದ ಮೇಲೆ ನೋಡಿ, ಬರೆದದ್ದೆಲ್ಲ ತೆಳ್ಳಗೆ ಮತ್ತೆ ಎದ್ದು ಕೂತಿರುತ್ತದೆ! ಅರಮನೆಯಲ್ಲಿ ಬರೆಯುವವನು ಅಣ್ಣಾಜಯ್ಯ ಅಂತ. ಪಾಪದ ಮನುಷ್ಯ. ಆ ದಿನ ಮಂತ್ರಿಯೇ ಅವನ ತಲೆಯ ಮೇಲೆ ನಿಂತು "ಒರೆಸು, ಬೇಗ ಒರೆಸು" ಅಂದಿದ್ದಾನೆ. ಅವನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾನೆ. ಮಂತ್ರಿ ನೋಡಿದ್ದಾನೆ, ಕರ್ರಗಿತ್ತು. ಒದ್ದೆಯಲ್ಲೇ ಮಡಿಸಿ ಕಳಿಸಿದ್ದಾರೆ. ಅಷ್ಟೂ ಓದು ಕಲಿತವರಲ್ಲಿ ಒಬ್ಬರೂ ಅದು ಒಣಗುವತನಕ ಕಾಯಲಿಲ್ಲ.

ಸಂಕವ್ವ ಕಡತ ಬಿಚ್ಚಿ ಅಂಗಳದ ಹಗ್ಗದ ಮೇಲೆ ಹರವಿದಳಂತೆ. ಬಿಸಿಲು ಏರಿತು. ಅಂಟು ಕಾಯಿಸಿ ಹೊರಗೆ ತಂದು ನೋಡಿದರೆ ಬಟ್ಟೆಯ ತುಂಬ ಬಿಳಿ ಗೆರೆ. ಅವಳಿಗೆ ಅದು ಹೊಸದಲ್ಲ, ಹಾಗೆ ಎದ್ದದ್ದರ ಮೇಲೆಯೇ ಎಷ್ಟೋ ಸಲ ಮಸಿ ಬಳಿದಿದ್ದಳು. ಬಳಿಯೋಣ ಅಂತ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಬಟ್ಟೆಯ ಮೇಲೆ ಎರಡು ಬಾಲ, ಒಂದು ಕೊಡೆ.

"ಅತ್ತೆ, ಬಾ ಇಲ್ಲಿ. ಇದು ನೋಡು." ಬಟ್ಟೆ ತೋರಿಸಿದಳು. "ಇದು ನೋಡು." ತೋಳು ತೋರಿಸಿದಳು.

"ಏನೇ ಅದು?" ಅಂದಳಂತೆ ಮಾಳವ್ವ.

"ನಿನ್ನ ಮಗ."

ಸಂಕವ್ವ ಉಳಿದ ಆರು ಮನೆಗೆ ಹೇಳಿಕಳಿಸಿದಳು. ಆರು ಹೆಂಗಸರು ಬಂದರು. ಒಬ್ಬೊಬ್ಬಳೂ ತನ್ನ ತೋಳನ್ನು ಬಟ್ಟೆಯ ಮಗ್ಗುಲಲ್ಲಿ ಹಿಡಿದು ಹುಡುಕಿದಳು. ಮೊದಲನೆಯವಳಿಗೆ ಸಿಕ್ಕಿತು. ಎರಡನೆಯವಳಿಗೆ ಸಿಕ್ಕಿತು. ಹಾಗೇ ಆರೂ ಜನಕ್ಕೆ ಸಿಕ್ಕಿತು. ಏಳು ಹೆಸರೂ ಅಲ್ಲಿದ್ದವು. ಬರಹ ಒಟ್ಟು ಏಳು ಸಾಲಿತ್ತು. ಮಿಕ್ಕದ್ದೇನು ಅಂತ ಯಾರಿಗೂ ಗೊತ್ತಿಲ್ಲ.

"ನಮ್ಮವರ ವಿಚಾರ ಏನೋ ಬರೆದಿದಾರೆ ಕಣೇ," ಅಂದಳಂತೆ ಅವರಲ್ಲೊಬ್ಬಳು, ತಿಪ್ಪವ್ವ ಅಂತ. "ಇದನ್ನೇ ಬಚ್ಚಿಟ್ಕೊಂಡ್ರೆ?"

"ಮಡಿಕೆ ಎಣಿಸಿ ಕೊಟ್ಟಿದಾರೆ. ಒಂದು ಕಮ್ಮಿಯಾದ್ರೂ ಕೇರಿಗೆ ಕೇರಿನೇ ಜಾಲಾಡ್ತಾರೆ."

"ಹಂಗಾದ್ರೆ?"

ಸಂಕವ್ವ ಹಚ್ಚೆಯ ಯಲ್ಲವ್ವನನ್ನು ಕರೆಸಿದಳಂತೆ. ಊರಿನ ಹೆಂಗಸರ ತೋಳಿನ ಮೇಲೆ ಹಚ್ಚೆ ಹಾಕುತ್ತಿದ್ದವಳು ಅವಳೇ. ಅವಳಿಗೂ ಓದು ಬಾರದು. ಆದರೆ ಒಮ್ಮೆ ನೋಡಿದ ಗೆರೆಯನ್ನು ಒಂದು ಕೂದಲಿನಷ್ಟೂ ಆಚೀಚೆ ಮಾಡುತ್ತಿರಲಿಲ್ಲ. ಯಲ್ಲವ್ವ ಸೂಜಿಯ ಕಟ್ಟು ಬಿಚ್ಚಿ ಕೂತು ಕೇಳಿದಳು:

"ತೊಟ್ಟಿಲು ಹಾಕ್ಲಾ, ಚೇಳು ಹಾಕ್ಲಾ?"

"ಈ ಸಾಲು ಹಾಕು. ಹೆಂಗಿದೆಯೋ ಹಂಗೇ."

"ಏನಂತ ಬರೆದದೆ?"

"ಗೊತ್ತಿಲ್ಲ."

"ಗೊತ್ತಿಲ್ಲದ್ದನ್ನ ಮೈಮೇಲೆ ಹಾಕಿಸ್ಕೊಳ್ತೀಯಾ ತಾಯಿ? ಇದು ಅಳಿಸೋದಲ್ಲ. ನಿಮ್ಮನ್ನೇ ಬೈದು ಬರೆದಿದ್ರೆ?"

"ಬೈದಿದ್ರೂ ನನ್ನ ಗಂಡನ ಹೆಸರಿನ ಮಗ್ಗುಲಲ್ಲೇ ಬೈದಿದಾರೆ. ಹಾಕು."

ಏಳು ಸಾಲು, ಏಳು ತೋಳು. ದಿನಕ್ಕೊಂದು. ಎಡಗೈಯಲ್ಲಿ ಗಂಡನ ಹೆಸರಿತ್ತು, ಬಲಗೈಯಲ್ಲಿ ಅರಮನೆಯ ಸಾಲು ಬಂತು. ದೀಪದ ಮಸಿಗೆ ಸೊಪ್ಪಿನ ರಸ ಕಲಸಿ ಯಲ್ಲವ್ವ ಚುಚ್ಚಿದಳು. ಅವರ ಬಾಗಿಲಿಗೆ ಬಳಿದದ್ದೂ ಮಸಿಯೇ, ಕಡತಕ್ಕೆ ಬಳಿಯುವುದೂ ಮಸಿಯೇ, ಈಗ ತೋಳಿನೊಳಗೆ ಇಳಿದದ್ದೂ ಮಸಿಯೇ. ತೋಳು ಊದಿತು, ಜ್ವರ ಬಂತು. ಯಾರಾದರೂ ಕೇಳಿದರೆ ರಾಗಿ ಬೀಸಿ ಕೈ ಹಿಡಿದಿದೆ ಅಂದರು. ಮೊದಲನೆಯ ಸಾಲು ತಿಪ್ಪವ್ವನಿಗೆ. ಕೊನೆಯ ಸಾಲು ಸಂಕವ್ವನಿಗೆ. ಎಂಟನೆಯ ದಿನ ಅವಳು ಕಡತಕ್ಕೆ ಒತ್ತಾಗಿ ಎರಡು ಸಲ ಮಸಿ ಬಳಿದು, ಒಣಗಿಸಿ, ಅರಮನೆಗೆ ಮುಟ್ಟಿಸಿದಳು. ಅರಮನೆಯವರು ಮಡಿಕೆ ಎಣಿಸಿಕೊಂಡರು. ಸರಿಯಿತ್ತು.

ಈಗ ಓದಿಸಬೇಕಲ್ಲ? ಏಳು ಜನ ಸೆರಗು ಹೊದ್ದುಕೊಂಡು ಹೊರಟರಂತೆ.

ಮೊದಲು ಮಠದ ಐಗಳ ಹತ್ತಿರ ಹೋದರು. ಐಗಳು ತಿಪ್ಪವ್ವನ ತೋಳು ನೋಡಿದರು. ತುಟಿ ಅರ್ಧ ಸಾಲು ಓದಿತು. ಆಮೇಲೆ ಬಾಯಿ ಮುಚ್ಚಿಕೊಂಡಿತು. "ಕಣ್ಣು ಮಂಜು ತಾಯಿ, ಏನೂ ಕಾಣೋದಿಲ್ಲ," ಅಂದರು. ಅದೇ ಕಣ್ಣಲ್ಲಿ ಎದುರಿನ ಮರದ ಮೇಲಿನ ಗಿಳಿಯನ್ನು ಓಡಿಸಿದರು.

ಆಮೇಲೆ ಅಂಗಡಿ ಶೆಟ್ಟರ ಹತ್ತಿರ ಹೋದರು. ಶೆಟ್ಟರೂ ಅರ್ಧ ಸಾಲು ಓದಿದರು. "ನನಗೆ ಬರೋದು ಬೆಲ್ಲದ ಮೂಟೆ ಮೇಲಿನ ಗುರುತು ಮಾತ್ರ ಕಣ್ರವ್ವ," ಅಂದು ಅಂಗಡಿಯ ಬಾಗಿಲು ಎಳೆದುಕೊಂಡರು. ಹಾಡುಹಗಲು ಅಂಗಡಿ ಮುಚ್ಚಿದ ಶೆಟ್ಟರನ್ನು ಆ ಊರು ಅವತ್ತೇ ಮೊದಲು ನೋಡಿದ್ದಂತೆ.

ಮೂರನೆಯದಾಗಿ, ಯಾವುದೋ ಒಂದು ಜಗಲಿಯ ಮೇಲೆ ಬಳಪ ಚೂಪು ಮಾಡುತ್ತಾ ಕೂತಿದ್ದ ಒಬ್ಬರನ್ನು ಕಂಡು, ಓದು ಬಲ್ಲವರಿರಬೇಕು ಅಂತ ಹೋದರು. ಅದು ಅರಮನೆಯಲ್ಲಿ ಬರೆಯುವ ಅಣ್ಣಾಜಯ್ಯ. ಆ ಕಡತ ಬರೆದವನೂ ಅವನೇ, ಅವಸರದಲ್ಲಿ ಒರೆಸಿದವನೂ ಅವನೇ. ಅವರಿಗೆ ಅದು ಗೊತ್ತಿರಲಿಲ್ಲ. ತಿಪ್ಪವ್ವ ಸೆರಗು ಸರಿಸಿ ತೋಳು ಚಾಚಿದಳು.

ಅಣ್ಣಾಜಯ್ಯನ ಕೈಯಿಂದ ಬಳಪ ಬಿತ್ತಂತೆ. ಅವನ ಅಕ್ಷರಕ್ಕೆ ಒಂದು ಗುರುತಿತ್ತು, ಪ್ರತಿ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಕೊಕ್ಕೆ ಎಳೆಯುತ್ತಿದ್ದ. ಯಲ್ಲವ್ವ ಆ ಕೊಕ್ಕೆಯನ್ನೂ ಬಿಟ್ಟಿರಲಿಲ್ಲ. ತಾನು ಬರೆದ ಅಕ್ಷರ ಹೆಂಗಸಿನ ತೋಳಿನ ಮೇಲೆ ಕೂತು ತನ್ನನ್ನೇ ನೋಡುತ್ತಿದೆ. ಕಣ್ಣು ಮಂಜು ಅನ್ನುವುದು ಹೇಗೆ?

"ಓದು ಬಾರದವಳು ಅಂತ ನಂಬಿ ನಿಮಗೆ ಕಡತ ಕೊಡ್ತಿದ್ದೆವಲ್ಲ ತಾಯಿ," ಅಂದನಂತೆ ಸಂಕವ್ವನನ್ನು ಗುರುತು ಹಿಡಿದು.

"ಓದು ಬರಲ್ಲ ಸ್ವಾಮಿ. ಬಂದಿದ್ರೆ ನಿಮ್ಮ ತಂಕ ಯಾಕೆ ಬರ್ತಿದ್ವಿ?"

"ಇದನ್ನ ಓದಿದ್ರೆ ನನ್ನ ಗತಿ ಏನಾಗುತ್ತೆ ಗೊತ್ತೇನಮ್ಮ?"

"ಗೊತ್ತಿಲ್ಲ ಸ್ವಾಮಿ. ಇದರಲ್ಲಿ ಏನಿದೆ ಅಂತ ಗೊತ್ತಿದ್ರೆ ತಾನೇ ಅದು ಗೊತ್ತಾಗೋದು?"

ಅಣ್ಣಾಜಯ್ಯ ಬಿದ್ದ ಬಳಪವನ್ನು ಎತ್ತಿ ಪಕ್ಕಕ್ಕಿಟ್ಟು ಎದ್ದ. ಆಮೇಲೆ ಏಳೂ ಜನರನ್ನು ಬೀದಿಗೆ ಬೆನ್ನು ಮಾಡಿಸಿ ಸಾಲಾಗಿ ನಿಲ್ಲಿಸಿ, ಒಂದೊಂದೇ ತೋಳಿನ ಮುಂದೆ ನಿಂತು, ಬೀದಿಗೆ ಕೇಳುವ ಹಾಗೆ ಓದಿದನಂತೆ.

ಮೊದಲನೆಯ ತೋಳು: "ಮೂಡಲ ಕೊತ್ತಲದ ಬುಡದಲ್ಲಿ ನೀರು ಒಸರುತ್ತಿದೆ, ಏರಿಸಿದರೆ ಬೀಳುತ್ತದೆ ಎಂದು ಉಳಿಯ ದುರುಗ ಬಂದು ಅರಿಕೆ ಮಾಡಿದ."

ಎರಡನೆಯ ತೋಳು: "ಬೀಳುವುದಾದರೆ ಹಗೆಯವನು ನೋಡಿಹೋದ ಮೇಲೆ ಬೀಳಲಿ, ಈಗ ಏರಿಸಿ ಎಂದು ಮಂತ್ರಿಗಳ ಅಪ್ಪಣೆಯಾಯಿತು."

ಮೂರನೆಯ ತೋಳು: "ಏರಿಸಲಾಯಿತು. ಬಿತ್ತು."

ನಾಲ್ಕನೆಯ ತೋಳಿನಲ್ಲಿ ಏಳು ಹೆಸರು, ಅಷ್ಟೇ.

ಐದನೆಯ ತೋಳು: "ಅಗೆದರೆ ಹಗೆಯವನಿಗೆ ತಿಳಿಯುತ್ತದೆ. ಅಗೆಯಕೂಡದು. ಮೇಲೆ ಮಣ್ಣು ಮೆತ್ತಿ ಸುಣ್ಣ ಬಳಿಯತಕ್ಕದ್ದು."

ಆರನೆಯ ತೋಳು: "ಇವರು ಓಡಿಹೋದರೆಂದು ಡಂಗುರ ಹೊಡೆಸತಕ್ಕದ್ದು."

ಏಳನೆಯ ತೋಳು ಸಂಕವ್ವನದು. ಅಲ್ಲಿಗೆ ಬಂದಾಗ ಅಣ್ಣಾಜಯ್ಯ ನಿಂತನಂತೆ. ಓದಲೋ ಬೇಡವೋ ಅಂತ ಅವಳ ಮುಖ ನೋಡಿದ. ಅವಳು ತೋಳು ಹಿಂದಕ್ಕೆ ತೆಗೆಯಲಿಲ್ಲ.

"ಎರಡು ದಿನ ಒಳಗಿನಿಂದ ಕೂಗು ಕೇಳಿಸಿತು. ಮೂರನೆಯ ದಿನ ಕೇಳಿಸಲಿಲ್ಲ."

ಯಾರೂ ಅಳಲಿಲ್ಲವಂತೆ. ಅಳುವುದಕ್ಕೂ ಉಸಿರು ಬೇಕಲ್ಲ. ಸುದ್ದಿ ಕೇಳಿ ಮಾಳವ್ವ ಒಂದೇ ಮಾತು ಅಂದಳಂತೆ: "ಆ ಎರಡು ದಿನ ನಾನು ಅದೇ ಗೋಡೆ ಮಗ್ಗುಲಲ್ಲಿ ಸೌದೆ ಹೊತ್ಕೊಂಡು ತಿರುಗಾಡ್ತಿದ್ನಲ್ಲೇ."

ಬೀದಿಯಲ್ಲಿ ಕೇಳಿದವರು ಕೇಳದವರಿಗೆ ಹೇಳಿದರು. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಮಾರನೆಯ ದಿನ ಮೂಡಲ ಕೊತ್ತಲ ಹತ್ತಲು ಕಾವಲಿನವರು ಒಪ್ಪಲಿಲ್ಲ. "ಕೆಳಗೆ ಹೆಣ, ಮೇಲೆ ನಾವಾ?" ಅಂದರು. ಕೋಟೆಯ ಕೆಲಸದವರು ಪುಟ್ಟಿ, ಗುದ್ದಲಿ ಕೆಳಗಿಟ್ಟು ಕೂತರು. ಬಾವಿಯ ಹತ್ತಿರ ಹೆಂಗಸರು ಸರಿದು ಕೆಳಗೇರಿಯ ಏಳು ಕೊಡಕ್ಕೆ ಜಾಗ ಬಿಟ್ಟರು. ಕುಂಟ್ಕೊಂಡು ಓಡಿರ್ತಾನೆ ಅಂದಿದ್ದ ಸಿಪಾಯಿ ಮಾಳವ್ವ ಬರುವ ಬೀದಿ ಬಿಟ್ಟು ಬೇರೆ ಬೀದಿ ಹಿಡಿದ.

ಸರಿ, ಈಗ ಅರಮನೆ ಏನು ಕೇಳಬೇಕು? ಒಳಗೆ ಎಷ್ಟು ಜನರಿದ್ದರು ಅಂತ ಕೇಳಬೇಕು. ಎರಡು ದಿನ ಕೂಗಿದರೂ ಯಾಕೆ ಅಗೆಯಲಿಲ್ಲ ಅಂತ ಕೇಳಬೇಕು. ನಾನು, ನೀವು ಆಗಿದ್ದರೆ ಅದನ್ನೇ ಕೇಳುತ್ತಿದ್ದೆವು. ರಾಜ ಸಿಂಹಾಸನದಿಂದ ಅರ್ಧ ಎದ್ದು ಕೇಳಿದ್ದು ಒಂದೇ ಪ್ರಶ್ನೆಯಂತೆ:

"ಇದನ್ನು ಹೇಳಿದವರು ಯಾರು?"

ಕೊಂದವರು ಯಾರು ಅಂತಲ್ಲ. ಹೇಳಿದವರು ಯಾರು ಅಂತ! ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಬೀದಿಯಲ್ಲಿ ಓದಿದವನು ಅಣ್ಣಾಜಯ್ಯ ಅಂತ ಹತ್ತು ಜನ ಕಂಡಿದ್ದರು. ಅವನನ್ನು ಹಿಡಿದು ತಂದರು. ಅರಮನೆಯ ಗುಟ್ಟು ಬಿಟ್ಟುಕೊಟ್ಟ ಬರಹಗಾರನಿಗೆ ಶಿಕ್ಷೆ, ಬಲಗೈಯ ಹೆಬ್ಬೆರಳು ಕತ್ತರಿಸುವುದು. ಆ ಬೆರಳು ಹೋದರೆ ಬಳಪ ಹಿಡಿಯಲಾಗದು, ಅನ್ನ ಕಲಸಲಾಗದು. ಯಾರು ಹೇಳಿಸಿದರು ಅಂತ ಕೇಳಿದ್ದಕ್ಕೆ ಅವನು ಬಾಯಿ ಬಿಡಲಿಲ್ಲವಂತೆ. ಕಡತದ ಸಂಕವ್ವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬೀದಿಯವರು ಮಾತು ಕೇಳಿದ್ದರು, ಸೆರಗಿನ ಮರೆಯ ತೋಳನ್ನು ಕಂಡಿರಲಿಲ್ಲ. ಓದು ಬಾರದವಳು ಗುಟ್ಟು ಹೇಗೆ ಹೇಳುತ್ತಾಳೆ ಅಂತ ಅರಮನೆಯವರ ಎಣಿಕೆ.

"ಸುಮ್ನಿರು ಸಂಕಿ," ಅಂದಳಂತೆ ತಿಪ್ಪವ್ವ. "ನಿನ್ನ ಸುದ್ದಿಗೆ ಯಾರೂ ಬಂದಿಲ್ಲ. ನಮಗೆ ಬೇಕಾದ್ದು ಗೊತ್ತಾಯ್ತಲ್ಲ, ಸಾಕು."

"ಎಲ್ಲರೂ ಸುಮ್ನಿದ್ದುದಕ್ಕೇ ಅಲ್ವೇನೇ ಅವರು ಎರಡು ದಿನ ಕೂಗಿದ್ದು?" ಅಂದಳಂತೆ ಸಂಕವ್ವ. ತಿಪ್ಪವ್ವ ಎದ್ದು ಸೆರಗು ಸಿಕ್ಕಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಒಡ್ಡೋಲಗ. ಅಣ್ಣಾಜಯ್ಯನ ಕೈಯನ್ನು ಮರದ ದಿಮ್ಮಿ ಮೇಲೆ ಇರಿಸಿದ್ದರಂತೆ. ಅಷ್ಟರಲ್ಲಿ ಏಳು ಹೆಂಗಸರು ಬಂದರು, ಹಿಂದೆ ಮಾಳವ್ವ ಬಂದಳು, ಅವಳ ಹಿಂದೆ ಊರು ಬಂತು.

"ಆ ಬೆರಳು ಬಿಡಿ ಬುದ್ಧಿ," ಅಂದಳಂತೆ ಸಂಕವ್ವ. "ಅವರು ಓದಿದ್ದು ಅಷ್ಟೇ. ಹೊರಗೆ ತಂದವಳು ನಾನು."

ಮಂತ್ರಿ ನಕ್ಕ. "ಕಡತದವಳೇ, ನಿನಗೆ ಓದು ಯಾವಾಗ ಬಂತು?"

"ಬಂದಿಲ್ಲ ಬುದ್ಧಿ." ಅಷ್ಟು ಹೇಳಿ ಸೆರಗು ಸರಿಸಿದಳು. ಏಳು ಜನವೂ ಸರಿಸಿದರು. ಏಳು ತೋಳು ಸಾಲಾಗಿ ಚಾಚಿದವು. ಮೊದಲ ತೋಳಿನಿಂದ ಕೊನೆಯ ತೋಳಿನ ತನಕ ರಾಜನೇ ಇಳಿದು ಬಂದು ಓದಿದನಂತೆ. ಕೊನೆಗೆ ಬಂದಾಗ ಅವನ ಮುಖ ಕಪ್ಪಿಟ್ಟಿತು.

"ನನಗೆ ಇದನ್ನು ಯಾರೂ ಹೇಳಲಿಲ್ಲ," ಅಂದ.

"ಹೇಳಿದವರ ಬೆರಳು ಹೋಗುವ ಊರಲ್ಲಿ ಯಾರು ಹೇಳುತ್ತಾರೆ ಪ್ರಭು?" ಅಂದನಂತೆ ಅಣ್ಣಾಜಯ್ಯ, ಕೈ ದಿಮ್ಮಿಯ ಮೇಲಿದ್ದ ಹಾಗೆಯೇ.

ಮಂತ್ರಿ ಗಟ್ಟಿಯಾಗಿ ಕೂಗಿದ: "ಪ್ರಭು, ಇದು ರಾಜ್ಯದ ಗುಟ್ಟು! ಕೊತ್ತಲ ಪೊಳ್ಳು ಅಂತ ಹಗೆಯವನಿಗೆ ಗೊತ್ತಾದರೆ ಊರೇ ಹೋಗುತ್ತದೆ. ಇವರು ಊರನ್ನೇ ಹಗೆಗೆ ಕೊಟ್ಟರು!"

ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂತ್ರಿಗೆ ಆಮೇಲೆ ಹೊಳೆಯಿತು, ಹಾಗಂದು ತಾನೇ ಎಲ್ಲವನ್ನೂ ಒಪ್ಪಿಕೊಂಡ ಹಾಗಾಯಿತಲ್ಲ ಅಂತ. ಮಾತು ತಿರುಗಿಸಿದ: "ಅಲ್ಲದೆ ಇದೆಲ್ಲ ಸುಳ್ಳು. ಅಣ್ಣಾಜಯ್ಯ ಕಟ್ಟಿದ ಸುಳ್ಳು. ಕೊತ್ತಲ ಕಲ್ಲಿನ ಹಾಗೆ ಗಟ್ಟಿಯಾಗಿದೆ."

ಸಂಕವ್ವ ಕೇಳಿದಳಂತೆ: "ಬುದ್ಧಿ, ನಾನು ಓದು ಬಾರದವಳು, ನನಗೆ ಬಿಡಿಸಿ ಹೇಳಿ. ಇದು ಗುಟ್ಟಾ, ಸುಳ್ಳಾ? ಸುಳ್ಳಾದ್ರೆ ಅರಮನೆ ಗುಟ್ಟು ಅರಮನೆಯಲ್ಲೇ ಇದೆ, ಅವರ ಬೆರಳು ಯಾಕೆ ತೆಗೀತೀರಿ? ಗುಟ್ಟಾದ್ರೆ ಇದು ನಿಜ, ನಮ್ಮ ಗಂಡಂದಿರು ಗೋಡೆ ಒಳಗಿದಾರೆ. ಎರಡರಲ್ಲಿ ಒಂದು ಹೇಳಿ."

ಒಡ್ಡೋಲಗದಲ್ಲಿ ಅಷ್ಟು ಜನ ಪಂಡಿತರಿದ್ದರು. ಎಲ್ಲರೂ ಮಂತ್ರಿಯ ಕಡೆ ನೋಡಿದರಂತೆ. ಮಂತ್ರಿ ಬೆವರು ಒರೆಸಿಕೊಂಡು "ಸುಳ್ಳು" ಅಂದ.

"ಹಂಗಾದ್ರೆ ಬೆರಳು ಬಿಡಿ. ಮತ್ತೆ, ಗಟ್ಟಿ ಕೊತ್ತಲ ಅಂದ್ರಲ್ಲ, ತಾವು ಅದರ ಮೇಲೆ ನಿಂತು ದೊಡ್ಡ ನಗಾರಿ ಹೊಡೆಸಿ. ಊರಿಗೂ ಧೈರ್ಯ ಬರ್ತದೆ, ಹಗೆಯವನಿಗೂ ಕೇಳಿಸ್ತದೆ."

ರಾಜ ಮಂತ್ರಿಯ ಕಡೆ ತಿರುಗಿದ. "ಹತ್ತಿ," ಅಂದ.

"ಪ್ರಭು, ನನಗೆ ಮೊಣಕಾಲು ನೋವು. ಅಷ್ಟು ಮೆಟ್ಟಿಲು ಹತ್ತಲಾರೆ."

ಮಾಳವ್ವ ಮುಂದೆ ಬಂದಳಂತೆ. "ಆಹಾ! ನನ್ನ ಕುಂಟ ಮಗ ಹಗೆಯವನ ಊರಿನ ತನಕ ಓಡಿಹೋಗಬಹುದು, ಈ ಗಟ್ಟಿಕಾಲಿನ ಸ್ವಾಮಿ ನಮ್ಮೂರ ಕೊತ್ತಲ ಹತ್ತಲಾರರಾ?"

ಯಾರೂ ನಗಲಿಲ್ಲ. ಅವತ್ತು ನಕ್ಕಿದ್ದವರು ತಲೆ ತಗ್ಗಿಸಿದ್ದರು.

ರಾಜ ಅಗೆಯಲು ಅಪ್ಪಣೆ ಕೊಟ್ಟ. ಊರೆಲ್ಲ ಸೇರಿ ಅಗೆಯಿತು. ಒಂದು ದಿನ ಅಗೆದರು, ಎರಡು ದಿನ ಅಗೆದರು. ಮೂರನೆಯ ದಿನ ಮೊದಲು ಸಿಕ್ಕಿದ್ದು ಒಂದು ಜಾಲಿಯ ಕೋಲು, ತುದಿಗೆ ಕಂಚಿನ ಕಡಗ. ಆ ಕಡಗ ಬಡಿದು ಬಡಿದು ಚಪ್ಪಟೆಯಾಗಿತ್ತಂತೆ. ಅದು ನಡೆದು ಸವೆದದ್ದಲ್ಲ. ಒಳಗಿನಿಂದ ಕಲ್ಲಿಗೆ ಬಡಿದದ್ದು. ಎರಡು ದಿನದ ಕೂಗಿನ ಜೊತೆಗೆ ಆ ಸದ್ದೂ ಇದ್ದಿರಬೇಕು, ಅದನ್ನು ಯಾರೂ ಬರೆದಿರಲಿಲ್ಲ.

ಕೋಲಿನ ಹಿಂದೆ ಏಳು ಜನ ಸಿಕ್ಕಿದರು. ಒಬ್ಬನೂ ಓಡಿಹೋಗಿರಲಿಲ್ಲ.

ರಾಜ ಕೋಲನ್ನು ಕೈಗೆ ತೆಗೆದುಕೊಂಡು, "ಇದು ಯಾರದು?" ಅಂತ ಕೇಳಿದನಂತೆ.

ಹೆಂಗಸು ಗಂಡನ ಹೆಸರು ಹೇಳುವಂತಿಲ್ಲ ಅಂತ ಮೊದಲೇ ಹೇಳಿದೆನಲ್ಲ. ಹಾಗೆ ಕೇಳಿದಾಗ ಮಗ್ಗುಲಲ್ಲಿದ್ದವರು ಹೇಳಬೇಕು. ಮಗ್ಗುಲಲ್ಲಿದ್ದ ತಿಪ್ಪವ್ವ ಬಾಯಿ ತೆರೆದಳು. ಸಂಕವ್ವ ಕೈ ಅಡ್ಡ ಹಿಡಿದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಬಾಯಿಗೆ ತರದ ಹೆಸರನ್ನು ಊರೆಲ್ಲ ಕೇಳುವ ಹಾಗೆ ಹೇಳಿದಳು:

"ದುರುಗನದು. ಗೋಡೆ ಬೀಳ್ತದೆ ಅಂತ ಬಂದು ಹೇಳಿದ ದುರುಗನದು."

ಅವಳು ಹೇಳಿದ್ದೇ ತಡ, ಉಳಿದ ಆರು ಜನವೂ ತಮ್ಮ ತಮ್ಮ ಗಂಡನ ಹೆಸರು ಹೇಳಿದರಂತೆ.

ಆಮೇಲೆ ಆಗಬೇಕಾದ್ದು ಆಯಿತು. ಮಂತ್ರಿಯ ಪದವಿ ಹೋಯಿತು. ಕೊತ್ತಲ ಬುಡದಿಂದ ಗಟ್ಟಿಯಾಗಿ ಏರುವತನಕ ಅವನೇ ಕಲ್ಲು ಹೊರಬೇಕು ಅಂತಾಯಿತು. ಏಳು ಬಾಗಿಲ ಮಸಿಯನ್ನು ಅರಮನೆಯವರೇ ಬಂದು ತೊಳೆದರು. ಏಳು ಜನ ಓಡಿಹೋಗಲಿಲ್ಲ, ಸತ್ತರು, ಅರಮನೆಯ ತಪ್ಪಿನಿಂದ ಸತ್ತರು ಅಂತ ಮತ್ತೆ ಡಂಗುರ ಹೊಡೆದರು. ಅಂದಿನಿಂದ ಆ ಊರಲ್ಲಿ ಒಂದು ಕಟ್ಟಳೆಯಾಯಿತಂತೆ: ಗೋಡೆ ಏರಿಸಿ ಅಂತ ಅಪ್ಪಣೆ ಕೊಟ್ಟವರು ಮೊದಲು ತಾವೇ ಹೆಂಡತಿ ಮಕ್ಕಳ ಜೊತೆ ಅದರ ಮೇಲೆ ಕೂತು ಒಂದು ಹೊತ್ತಿನ ಊಟ ಮಾಡಬೇಕು.

ಆದರೆ ಇನ್ನೊಂದು ಕಟ್ಟಳೆಯೂ ಆಯಿತು, ಅದನ್ನು ಹೇಳದೆ ಕತೆ ಮುಗಿಸಿದರೆ ನಾನೂ ಸುಣ್ಣ ಬಳಿದ ಹಾಗಾಗುತ್ತದೆ. ಇನ್ನು ಮುಂದೆ ಅರಮನೆಯ ಕಡತ ಹೊರಗೆ ಕೊಡಕೂಡದು, ಒಣಗುವತನಕ ಕಾದು ನೋಡಿ ಸುಟ್ಟುಬಿಡಬೇಕು. ಅರಮನೆ ಬೇಗ ಕಲಿತ ಪಾಠ ಇದೊಂದೇ! ಸಂಕವ್ವನ ಕೆಲಸ ಹೋಯಿತು. ಅಣ್ಣಾಜಯ್ಯನ ಬೆರಳು ಉಳಿಯಿತು, ಕೆಲಸ ಉಳಿಯಲಿಲ್ಲ. ನಿಜ ಹೇಳಿದ್ದಕ್ಕೆ ಬೆರಳು ಉಳಿಸಿಕೊಟ್ಟದ್ದೇ ದೊಡ್ಡ ಉಪಕಾರ ಅಂತ ಅರಮನೆಯವರು ಎಷ್ಟೋ ದಿನ ಹೇಳಿಕೊಂಡು ತಿರುಗಿದರಂತೆ.

ಅಣ್ಣಾಜಯ್ಯ ಕೆಳಗೇರಿಗೆ ಬಂದು ಸಂಕವ್ವನ ಜಗಲಿಯ ಮೇಲೆ ಕೂತ. ಅವಳು ಕಡತ ಮಾಡಿದಳು, ಅವನು ಕೇರಿಯ ಹೆಂಗಸರಿಗೆ ಅಕ್ಷರ ಹೇಳಿಕೊಟ್ಟ. ಮಾಳವ್ವನೂ ಕಲಿತಳಂತೆ. ಮೂರೇ ಅಕ್ಷರ, ಸಾಕು ಅಂದಳಂತೆ.

ಮುಂದಿನ ಹಿರಿಯರ ಹಬ್ಬ ಬಂತು. ಏಳು ಮನೆಯಲ್ಲಿ ಒಲೆ ಹೊತ್ತಿತು. ಏಳು ಎಲೆ ಹಾಕಿ ಏಳು ಎಡೆ ಇಟ್ಟರು. ದುರುಗನಿಗೆ ಇಷ್ಟ ಅಂತ ಸಂಕವ್ವ ಹುರುಳಿ ಸಾರು ಮಾಡಿ, ಮುದ್ದೆಯ ಮಗ್ಗುಲಲ್ಲಿ ಬಡಿಸಿದಳು. ಮಾಳವ್ವ ಎಲೆಯ ಪಕ್ಕದಲ್ಲಿ ಜಾಲಿಯ ಕೋಲು ಒರಗಿಸಿಟ್ಟು, "ನಿಧಾನಕ್ಕೆ ಬಾರಪ್ಪ, ಓಡಬೇಡ," ಅಂದಳಂತೆ.

ಇಟ್ಟ ಎಡೆ ಅವರಿಗೆ ಮುಟ್ಟಿತು, ಹೇಳಿದ ಕತೆ ನಿಮಗೆ ಮುಟ್ಟಿತು. ಹೇಳಿದವರು ಯಾರು ಅಂತ ಅರಮನೆಯವರು ಬಂದು ಕೇಳಿದರೆ ನನ್ನ ಮನೆ ತೋರಿಸಿ. ನೀವು ನಿಮ್ಮ ಮನೆಗೆ ಹೋಗಿ ಉಂಡು ಮಲಗಿ.